ಕಡಲಾಮೆಯ ಪುರುಡು

ಕೆಲಸಕ್ಕೆ ಸೇರುವಾಗ ಗಿಡ, ಹಕ್ಕಿ, ಏಡಿ ಕಾಯಬೇಕು ಎಂದು ಹೇಳಿದ್ದರು. ಸೇರಿದ ಮೇಲೆ ಗೊತ್ತಾಯಿತು, ಅವುಗಳಿಗೆ ಕಾವಲೇ ಬೇಡ, ಕಾವಲು ಬೇಕಾದದ್ದು ನೋಡಲಿಕ್ಕೆ ಬಂದ ಜನಕ್ಕೆ. ಹೊನ್ನಾವರದ ಹತ್ತಿರ ಹೊಳೆ ಕಡಲು ಸೇರುವಲ್ಲಿ ಕೆಸರಿನಲ್ಲಿ ಬೆಳೆದ ಕಾಂಡ್ಲಾ ಗಿಡಗಳು, ಅವುಗಳ ನಡುವೆ ಹಲಗೆಯ ಕಾಲುದಾರಿ, ಅದನ್ನು ದಾಟಿದರೆ ಗಾಳಿಮರದ ತೋಪು, ಆಮೇಲೆ ಸಮುದ್ರದಂಡೆ. ಇಷ್ಟೇ ನಮ್ಮ ಪಾರ್ಕು. ಇಪ್ಪತ್ತು ವರ್ಷ ಬೋಟಿನಲ್ಲಿ ಬಲೆ ಎಳೆದು ಸೊಂಟ ಹೋದ ಮೇಲೆ ನಾನು ಇಲ್ಲಿ ವಾಚರ್. ಸೊಂಟ ಸರಿಯಾಯಿತು, ತಲೆ ಕೆಟ್ಟಿತು. ವಾರಕ್ಕೆ ಒಂದಾದರೂ ಫಜೀತಿ ಆಗುತ್ತಲೇ ಇರುತ್ತದೆ. ಈ ವರ್ಷದ್ದಷ್ಟೇ ಹೇಳುತ್ತೇನೆ.

ಯಾರೋ ಹೆತ್ತು ಹೋದರು

ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಪಾರ್ಕಿನ ದಂಡೆಗೆ ತಾಗಿ ಒಬ್ಬಳೇ ಇರುತ್ತಾಳೆ. ವಯಸ್ಸಿದ್ದಾಗ ಮೀನು ಬುಟ್ಟಿ ಹೊತ್ತವಳು. ಅದರ ಜೊತೆಗೆ ನಮ್ಮ ಕೇರಿಯ ಸೂಲಗಿತ್ತಿ. ನನ್ನ ಅಮ್ಮನ ಹೆರಿಗೆ ಮಾಡಿಸಿದವಳು, ನನಗೆ ಎಣ್ಣೆ ಹಚ್ಚಿ ಮೀಯಿಸಿದವಳು ಅವಳೇ. ನನ್ನ ಮೂಗು ನೆಟ್ಟಗಿರುವುದು ತಾನು ದಿನಾ ಮೀಯಿಸುವಾಗ ತಿದ್ದಿದ್ದರಿಂದ ಎಂದು ಇವತ್ತಿಗೂ ಬಂದವರಿಗೆ ತೋರಿಸುತ್ತಾಳೆ. ಈಗ ಎಲ್ಲರೂ ಆಸ್ಪತ್ರೆಗೆ ಹೋಗುತ್ತಾರೆ. ಅವಳನ್ನು ಕರೆಯುವವರಿಲ್ಲ.

ಒಂದು ಬೆಳಿಗ್ಗೆ ಅವಳ ಫೋನು ಬಂತು. "ತಮಾ, ನನ್ನ ಬಾಗಲ ಎದುರಿಗೆ ಯಾರೋ ಹೆತ್ತು ಬಿಟ್ಟು ಹೋಗಿದಾರೆ. ಬೇಗ ಬಾ."

ಹೆಂಡತಿಯ ಹಳೆ ಸೀರೆ, ಫ್ಲಾಸ್ಕಿನಲ್ಲಿ ಬಿಸಿನೀರು ಹಿಡಿದುಕೊಂಡು ಓಡಿದೆ. ಹೋಗಿ ನೋಡಿದರೆ ಕಡಲಿನಿಂದ ಮೇಲೆ ಬಂದು ತಿರುಗಿ ಹೋದ ಕಡಲಾಮೆಯ ಹೆಜ್ಜೆ, ನಡುವೆ ಮುಚ್ಚಿದ ಗುಂಡಿ.

"ಸೀರೆ ಎಂತಕ್ಕೆ ತಂದ್ಯಾ?" ಅಂದಳು. "ಅದು ಮೊಟ್ಟೆಯಲ್ವನಾ?"

ಸಾಹೇಬರಿಗೆ ತಿಳಿಸಿದೆ. ನಮ್ಮ ಮೇಲಿನ ಅಧಿಕಾರಿ, ವಯಸ್ಸು ಚಿಕ್ಕದು, ಒಳ್ಳೆಯ ಮನುಷ್ಯ, ಗಾಬರಿ ಜಾಸ್ತಿ. ಮೊಟ್ಟೆಗಳನ್ನು ತೆಗೆದು ದೂರದ ಬೇಲಿಯೊಳಗೆ ಸಾಗಿಸುವುದೇ ಸರಿ ಎಂದರು. ಹೆತ್ತ ಜಾಗದಲ್ಲೇ ಇರಲಿ, ನಾನು ಕಾಯುತ್ತೇನೆ ಎಂದೆ.

"ನಿಮ್ಮ ಮಾತಿನ ಮೇಲೆ ಬಿಡ್ತೇನೆ," ಅಂದರು. "ಇದು ಹಾಳಾದರೆ ಈ ದಂಡೆಯಲ್ಲಿ ಇನ್ನು ಒಂದು ಗೂಡನ್ನೂ ಇಡೋದಿಲ್ಲ. ಎಲ್ಲ ಎತ್ತಿಸಿಬಿಡ್ತೇನೆ."

ಐವತ್ತು ದಿನದ ಹತ್ತಿರ ಕಾಯಬೇಕು. ಆತು ಅಂದೆ. ಸುತ್ತ ಬಲೆ ಕಟ್ಟಿದೆವು. ಸಾಹೇಬರು ದೊಡ್ಡ ಬೋರ್ಡು ಹಾಕಿಸಿದರು: 'ಇಲ್ಲಿ ಕಡಲಾಮೆಯ ಮೊಟ್ಟೆಗಳಿವೆ. ಯಾರೂ ಹತ್ತಿರ ಬರಬಾರದು.' ಅಲ್ಲಿಯವರೆಗೆ ಆ ಕಡೆ ಯಾರೂ ತಲೆ ಹಾಕಿರಲಿಲ್ಲ. ಭಾನುವಾರ ಭಟ್ಕಳದಿಂದ, ಕುಮಟಾದಿಂದ ಬಂದವರೆಲ್ಲ ಬೋರ್ಡು ಓದಲಿಕ್ಕೆ ಹತ್ತಿರ ಬಂದರು. ಅಕ್ಷರ ಸಣ್ಣದಾಯಿತು, ದೂರದಿಂದ ಕಾಣುವುದಿಲ್ಲ ಎಂದು ಒಬ್ಬರು ನನ್ನ ಹತ್ತಿರ ದೂರು ಹೇಳಿದರು.

ನೀರು ಯಾವಾಗ ಬಿಡ್ತಾರೆ

ಗೂಡು ಕಾಯುವುದರ ನಡುವೆ ಕಾಂಡ್ಲಾದ ಡ್ಯೂಟಿಯೂ ನನ್ನದೇ. ಒಂದು ಮಧ್ಯಾಹ್ನ ಘಟ್ಟದ ಮೇಲಿನ ಬಯಲುಸೀಮೆಯಿಂದ ಒಂದು ಸಂಸಾರ ಬಂತು, ಗಂಡ, ಹೆಂಡತಿ, ನಾಲ್ಕು ಮಕ್ಕಳು. ಆಗ ಇಳಿತದ ಹೊತ್ತು. ಹಲಗೆಯ ಕೆಳಗೆ ಬರೀ ಕೆಸರು, ಕೆಸರಿನಲ್ಲಿ ಏಡಿ.

"ಫೋಟೋದಾಗ ನೀರಿತ್ತಲ್ರೀ," ಅಂದರು ಯಜಮಾನರು. "ನೀರೆಲ್ಲಿ?"

"ಬರ್ತದೆ. ಮೂರೂವರೆ ಹೊತ್ತಿಗೆ."

"ಯಾರ ಬಿಡ್ತಾರ್ರೀ?"

ಸಮುದ್ರದ ಭರತ, ಇಳಿತ, ಚಂದ್ರ ಎಲ್ಲ ವಿವರಿಸಿದೆ. ಅವರು ಗಂಭೀರವಾಗಿ ಕೇಳಿ, "ಅದೆಲ್ಲಾ ಖರೆ. ನೀವು ಒಂದ್ ಮಾತು ಹೇಳಿದ್ರ ಎರಡೂವರಿಗೇ ಬಿಡ್ತಾರೇನೊ, ನಾವು ಮುಂದ ಹೋಗಬೇಕಿತ್ತು," ಅಂದರು.

ಪಾಪ, ಅವರ ಊರಲ್ಲಿ ನಳಕ್ಕೆ ವಾರಕ್ಕೊಂದು ಸಲ ನೀರಂತೆ. ಅದೂ ಯಾವ ದಿನ ಎಂದು ಹೇಳುವವರಿಲ್ಲ. ಕಾದು ಕೂತರು. ಸರಿಯಾಗಿ ಮೂರೂವರೆಗೆ ಬೇರುಗಳ ಸಂದಿಯಲ್ಲಿ ನೀರು ಏರಲಿಕ್ಕೆ ಶುರುವಾಯಿತು. ಮಕ್ಕಳು ಕೇಕೆ ಹಾಕಿದವು. ಆ ತಾಯಿ ನನ್ನನ್ನು ನೋಡಿ ಗಂಡನಿಗೆ ಹೇಳಿದಳು, "ಹೇಳಿದ ಟೈಮಿಗೆ ಬಿಟ್ರ ನೋಡ್ರಿ. ಇವರನ್ನ ನಮ್ಮೂರಿಗೆ ವರ್ಗಾ ಮಾಡಿಸ್ಕೊಳ್ಳೋಣ."

ನಾನು ಆ ಮರ್ಯಾದೆಯನ್ನು ಅನುಭವಿಸುತ್ತಿದ್ದೆ. ಅಷ್ಟರಲ್ಲಿ ಅತ್ತೆಯ ಫೋನು. "ಬಾರಾ ಬೇಗ. ನಿನ್ನ ಮೊಟ್ಟೆ ಮೇಲೆ ಕಾಯಿ ಒಡೀತಿದಾರೆ."

ಎರಡನೇ ಬೋರ್ಡು

ಮೀನುಗಾರರಿಗೆ ಕಡಲಾಮೆ ದೇವರು. ಬಲೆಗೆ ಬಿದ್ದರೆ ಕುಂಕುಮ ಹಚ್ಚಿ, ಕಾಯಿ ಒಡೆದು, ಕೈಮುಗಿದು ಕಡಲಿಗೆ ಬಿಡುವವರು ನಾವು. ನಾನೂ ಬಿಟ್ಟವನೇ. ಹಾಗಿರುವಾಗ ದೇವರೇ ಮನೆ ಎದುರು ಮೊಟ್ಟೆ ಇಟ್ಟರೆ ಕೇರಿಯವರು ಸುಮ್ಮನಿರುತ್ತಾರಾ? ಹೂವು, ಅರಿಶಿನ, ಊದುಬತ್ತಿ ಎಲ್ಲ ಬಂತು. ಅವರನ್ನು ನೋಡಿ ಪ್ರವಾಸಿಗರೂ ಚಪ್ಪಲಿ ಬಿಟ್ಟು ಸುತ್ತು ಬಂದರು. ಒಬ್ಬರು ಹೊಸ ಸ್ಕೂಟರಿಗೆ ಅಲ್ಲೇ ಪೂಜೆ ಮಾಡಿಸಿದರು.

ಭಕ್ತಿ ಸರಿ. ಆದರೆ ಕಾಯಿಚೂರಿಗೆ ಕಾಗೆ ಬಂತು, ಕಾಗೆಯ ಹಿಂದೆ ನಾಯಿ ಬಂತು. ಒಂದು ನಾಯಿ ಬಲೆಯ ಬುಡದಲ್ಲಿ ಮೊಣಕೈಯಷ್ಟು ಆಳ ಕೆರೆದಿತ್ತು. ಇನ್ನೊಂದು ಗೇಣು ಕೆರೆದಿದ್ದರೆ ಮುಗಿದಿತ್ತು. "ದಯಮಾಡಿ ಕಾಯಿ ಒಡೀಬೇಡಿ" ಎಂದು ಕೈಮುಗಿದರೆ, "ದೇವರಿಗೆ ಬೇಡ ಹೇಳುಕೆ ನೀ ಯಾರಾ?" ಅಂತ ನನ್ನ ದೊಡ್ಡಪ್ಪನ ಮಗನೇ ಕೇಳಿದ.

ಸಾಹೇಬರು ಎರಡನೇ ಬೋರ್ಡು ಹಾಕಿಸಿದರು: 'ಇಲ್ಲಿ ಪೂಜೆ ಮಾಡಬಾರದು.' ಮರುದಿನ ಆ ಬೋರ್ಡಿಗೂ ಅಬ್ಬಲಿಗೆ ಹೂವಿನ ಮಾಲೆ ಬಿದ್ದಿತ್ತು.

ಸೂಲಗಿತ್ತಿಯ ಕಾನೂನು

ಎರಡು ಬೋರ್ಡಿಗೂ ಬಗ್ಗದ ಜನವನ್ನು ಅತ್ತೆ ಒಂದೇ ಮಾತಿನಲ್ಲಿ ಬಗ್ಗಿಸಿದಳು. ಒಂದು ಶುಕ್ರವಾರ ಹತ್ತಿಪ್ಪತ್ತು ಜನ ಕಾಯಿ ಹಿಡಿದು ನಿಂತಿದ್ದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಜಗಲಿ ಇಳಿದಳು.

"ನಿಮ್ಮನೆಲಿ ಹೆರಿಗೆ ಆದ್ರೆ ದೇವರ ದೀಪ ಹಚ್ಚುತ್ರನಾ?"

ಎತ್ತಿದ ಕಾಯಿಗಳು ಕೆಳಗಿಳಿದವು. ಹಚ್ಚುವುದಿಲ್ಲ. ಹೆರಿಗೆಯಾದ ಮನೆಗೆ ಪುರುಡು, ಮೈಲಿಗೆ. ಅದು ಕಳೆಯುವ ತನಕ ಪೂಜೆಯಿಲ್ಲ, ಕಾಯಿಯಿಲ್ಲ, ಹೊರಗಿನವರು ಮುಟ್ಟುವುದಿಲ್ಲ.

"ಅದು ಹೆತ್ತು ಹೋಗಿದೆ. ಇಲ್ಲಿ ಪುರುಡು. ಮುಟ್ಟಿದವರು ಮಿಂದೇ ಮನೆ ಹೊಕ್ಕಬೇಕು."

"ಎಷ್ಟು ದಿನಾ?" ಹಿಂದಿನಿಂದ ಯಾರೋ ಕೇಳಿದರು.

"ಮರಿ ಹೊರಗೆ ಬರುವ ತನಕ."

ಜನ ನಾಲ್ಕು ಹೆಜ್ಜೆ ಹಿಂದೆ ಸರಿದರು. ದೊಡ್ಡಪ್ಪನ ಮಗ ಕಾಯಿಯನ್ನು ಮನೆಗೆ ಒಯ್ದು ಬಂಗಡೆ ಸಾರಿಗೆ ಹಾಕಿದ. ಅಂದಿನಿಂದ ಗೂಡಿನ ಹತ್ತಿರ ಒಬ್ಬರೂ ಸುಳಿಯಲಿಲ್ಲ, ನಾಯಿ ಬಂದರೆ ಕೇರಿಯವರೇ ಓಡಿಸಿದರು. ಸಾಹೇಬರಿಗೆ ಎಷ್ಟು ಖುಷಿಯಾಯಿತೆಂದರೆ, 'ಪುರುಡು ಇದೆ' ಎಂದು ಮೂರನೇ ಬೋರ್ಡು ಬರೆಸಲಿಕ್ಕೆ ಹೊರಟರು. ಮೇಲಿನವರಿಗೆ ಎಂತ ಹೇಳುವುದು ಎಂದು ಯೋಚಿಸಿ ಬಿಟ್ಟರು.

ಐವತ್ತು ದಿನ ಆಯಿತು. ಐವತ್ತೆರಡು, ಐವತ್ತನಾಲ್ಕು. ಮರಳು ಅಲುಗಲಿಲ್ಲ. ಸಾಹೇಬರು ಬಂದು, ಅಗೆದು ನೋಡೋಣ ಎಂದರು.

ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ನೀವು ಇದುವರೆಗೆ ಎಷ್ಟು ಹೆರಿಗೆ ಮಾಡ್ಸಿದ್ರಿ, ಸಾಹೇಬ್ರೆ?"

ಸಾಹೇಬರು ಗುದ್ದಲಿಯನ್ನು ಜೀಪಿನಲ್ಲಿಟ್ಟರು.

ಜಗಲಿಯ ಬಲ್ಬು

ಐವತ್ತಾರನೇ ದಿನ, ಬೆಳಿಗ್ಗೆ ಐದಕ್ಕೆ ಇನ್ನೂ ಕತ್ತಲಿರುವಾಗ, ಮರಳು ಕುಸಿಯಿತು. ಒಂದು ಪುಟ್ಟ ತಲೆ, ಆಮೇಲೆ ಹತ್ತು, ಆಮೇಲೆ ಹಿಡಿಹಿಡಿಯಾಗಿ ಮರಿಗಳು. ಸಾಹೇಬರು ಓಡೋಡಿ ಬಂದರು. ಕೇರಿಯವರು ದೂರದಲ್ಲಿ ಸಾಲಾಗಿ ನಿಂತರು. ಮರಿ ಕಡಲಿಗೆ ಹೋಗಲಿ ಎಂದು ನಾನು ಆ ಕಡೆಯ ಬಲೆ ಎತ್ತಿದೆ.

ಮರಿಗಳು ಕಡಲಿಗೆ ಬೆನ್ನು ಹಾಕಿದವು. ಈ ಕಡೆಯ ಬಲೆಯ ಸಂದಿಯಲ್ಲಿ ನುಸುಳಿ, ಎಲ್ಲ ಒಟ್ಟಾಗಿ ಅತ್ತೆಯ ಮನೆಯ ಕಡೆ ಹೊರಟವು.

ಯಾಕೆಂದು ಆಗ ಹೊಳೆಯಿತು. ಬಾಳಂತಿ ಕೋಣೆಯಲ್ಲಿ ದೀಪ ಆರಬಾರದು. ಅತ್ತೆ ಮೊದಲ ದಿನದಿಂದ ಜಗಲಿಯ ಬಲ್ಬನ್ನು ಆರಿಸಿಯೇ ಇರಲಿಲ್ಲ. ಆಮೆಮರಿ ಬೆಳಕಿನ ಕಡೆ ಹೋಗುತ್ತದೆ ಎಂದು ಸಾವಿರ ಪ್ರವಾಸಿಗರಿಗೆ ಪಾಠ ಹೇಳಿದ ನಾನು, ಐವತ್ತಾರು ದಿನ ಅದೇ ಬಲ್ಬಿನ ಕೆಳಗೆ ಕೂತು ಚಹಾ ಕುಡಿದಿದ್ದೆ.

"ಅತ್ತೆ, ಲೈಟ್ ಆರ್ಸು," ಎಂದು ಕೂಗಿದೆ.

"ದೀಪ ಆರ್ಸುಕಾಗ," ಎಂದಳು ಒಳಗಿನಿಂದ.

"ಮಕ್ಕಳು ನಿನ್ನ ಮನೆಗೇ ಬರ್ತಿದಾವೆ."

ಅವಳು ಹೊರಗೆ ಬಂದು ನೋಡಿದಳು. ಮೆಟ್ಟಿಲ ಬುಡದಲ್ಲಿ, ಅವಳ ಪಾದದ ಸುತ್ತ, ಕಪ್ಪು ಮರಿಗಳು ಒಂದರ ಮೇಲೊಂದು ಹತ್ತುತ್ತಿದ್ದವು. ಎಷ್ಟೋ ವರ್ಷದಿಂದ ಒಂದು ಕೂಸನ್ನೂ ಎತ್ತದ ಕೈ. ಅವಳ ಕಣ್ಣು ತುಂಬಿತು. "ನನ್ನ ಹತ್ರ ಅಲ್ಲ ಮಕ್ಕಳಾ," ಅಂದಳು, "ನಿಮ್ಮವ್ವಿ ಆ ಬದಿಗೆ ಅದೆ." ಬಲ್ಬು ಆರಿಸಿದಳು. ಕೇರಿಯ ದೀಪಗಳೂ ಒಂದೊಂದೇ ಆರಿದವು. ಅವಳು ಹಳೆ ಮೀನು ಬುಟ್ಟಿ ತಂದಳು. ಪುರುಡು ಗಿರುಡು ಮರೆತು ಎಲ್ಲರೂ ಮಂಡಿಯೂರಿ ಮರಿ ಹೆಕ್ಕಿದರು, ಸಾಹೇಬರೂ ಯೂನಿಫಾರ್ಮಿನಲ್ಲೇ. ನೀರಿನಂಚಿನ ಹತ್ತಿರ ಬುಟ್ಟಿ ಬಗ್ಗಿಸಿದೆವು. ತೆರೆ ಬಂತು, ಒಯ್ದಿತು. ದಂಡೆಯ ಮೇಲೆ ಒಂದೂ ಹಿಂದೆ ಉಳಿಯಲಿಲ್ಲ.

ಸಾಹೇಬರು ಬೆವರು ಒರೆಸಿಕೊಂಡರು. "ಮುಂದಿನ ಸಲವೂ ಗೂಡು ಇಲ್ಲೇ ಇರಲಿ. ಆದರೆ ಆ ಬಲ್ಬು ಬೇಡ."

"ಆತು, ಬಲ್ಬು ತೆಗೀತೆ," ಅಂದಳು ಅತ್ತೆ. "ನೀವು ಎಲ್ಲಿಗೆ ಹೊರಟ್ರಿ?"

"ಆಫೀಸಿಗೆ."

"ಪುರುಡು ಮುಟ್ಟಿ ಹಾಗೇ ಜೀಪು ಹತ್ತಿ ಊರೆಲ್ಲ ಮುಟ್ಟಿಸ್ತ್ರಾ? ಕೂತ್ಕಳಿ."

ಸಾಹೇಬರು ನನ್ನನ್ನು ನೋಡಿದರು. ನಾನು ಕಡಲನ್ನು ನೋಡಿದೆ. ಅವರು ಟೊಪ್ಪಿಗೆ ತೆಗೆದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. ಅತ್ತೆ ಹಂಡೆಯ ಬಿಸಿನೀರು ತಂದು ಹದ ನೋಡಿ ತಲೆಗೆ ಹೊಯ್ದಳು. ಒಂದು ಚೊಂಬು, ಎರಡು ಚೊಂಬು. ಮೂರನೆಯದಕ್ಕೆ ಕೈಯ ರೂಢಿ ಬಿಡಲಿಲ್ಲ: ಸಾಹೇಬರ ಗದ್ದ ಎತ್ತಿ, ಎರಡು ಬೆರಳಲ್ಲಿ ಮೂಗು ಹಿಡಿದು, ಮೇಲಿಂದ ಕೆಳಗೆ ಮೂರು ಸಲ ತಿದ್ದಿದಳು.

ಸಾಹೇಬರು ಕಣ್ಣು ಮುಚ್ಚಿ ಮಿಸುಕದೆ ಕೂತಿದ್ದರು.

"ಸ್ವಲ್ಪ ತಡ ಆತು," ಅಂದಳು ಅತ್ತೆ ನನ್ನ ಕಡೆ ತಿರುಗಿ. "ಮೊದಲೇ ನನ್ನ ಕೈಗೆ ಸಿಕ್ಕಿದ್ರೆ ಇದೂ ನಿನ್ನ ಮೂಗಿನ ಹಾಗೆ ಆಗ್ತಿತ್ತು."