ಹೆಮ್ಮಿಗೆಯ ಮಾವಿನ ಮರದ ಆರ್ಕಿಡ್

ಮರದ ಮೇಲೆ ಕಣ್ಣಿಟ್ಟು ನಡೆಯುವವನಿಗೆ ನಮ್ಮ ಸೀಮೆಯಲ್ಲಿ ನೆಮ್ಮದಿಯಿಲ್ಲ. ವಾರಕ್ಕೊಬ್ಬ ಬೃಹಸ್ಪತಿ ಅಡ್ಡ ಬಂದೇ ಬರುತ್ತಾನೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ನಂಜನಗೂಡಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ಭಾನುವಾರ ಬಂತೆಂದರೆ ಸೈಕಲ್ ಹತ್ತಿ, ಕೊಂಬೆಗಳ ಮೇಲೆ ಕೂತು, ಮರದ ಸಾರ ಹೀರದೆ ಬೆಳೆಯುವ ಆರ್ಕಿಡ್ ಹೂಗಿಡ ಹುಡುಕಿಕೊಂಡು ಹೊರಡುತ್ತಿದ್ದೆ.

ಹುಣಸೆ ಸಾಲು

ಹುಲ್ಲಹಳ್ಳಿ ರಸ್ತೆಯಲ್ಲಿ ಒಂದೊಂದೇ ಹುಣಸೆ ಮರ ನೋಡಿ ಬರೆದುಕೊಳ್ಳುತ್ತಿದ್ದೆ. ಹಣ್ಣಿನ ಹರಾಜು ಹಿಡಿಯುವ ಕಂಟ್ರಾಕ್ಟರನೊಬ್ಬ ನನ್ನನ್ನು ಸರ್ಕಾರದ ಕಡೆಯವನೆಂದು ತಿಳಿದು ಬೆನ್ನಿಗೆ ಬಿದ್ದ.

“ಫಸಲು ಕಮ್ಮಿ ಅಂತ ಬರ್ಕಳಿ ಸಾ.”

“ನಾನು ಹಣ್ಣು ನೋಡ್ತಿಲ್ಲಪ್ಪ, ಹೂವು ನೋಡ್ತಿದೀನಿ.”

ಕಾಲಿಗೇ ಬಿದ್ದುಬಿಟ್ಟ. “ಅಂಗಾರೆ ಊವೇ ಬುಟ್ಟಿಲ್ಲ ಅಂತ ಬರ್ಕಳಿ ಸಾ!”

ಫ್ಯಾನಿನ ಕೆಳಗಿನ ಪಂಡಿತರು

ಹೆಮ್ಮಿಗೆಯ ರೈತನೊಬ್ಬನ ಮಾವಿನ ಮರದಲ್ಲಿ ನನಗೆ ಗುರುತೇ ಸಿಗದ ಆರ್ಕಿಡ್ ಒಂದಿತ್ತು. ಜಿಲ್ಲೆಗೇ ಹೊಸದೆಂದು ಖಚಿತವಾದರೆ ಸಸ್ಯಪಟ್ಟಿಯಲ್ಲಿ ನನ್ನ ಹೆಸರು ಸೇರುತ್ತಿತ್ತು. ಖಚಿತಪಡಿಸಬೇಕಾದವರು ಮೈಸೂರಿನ ಪ್ರೊಫೆಸರು, ಫ್ಯಾನಿನ ಕೆಳಗೆ ಕೂತೇ ಕಾಡನ್ನೆಲ್ಲ ಅರೆದು ಕುಡಿದ ಮಹಾನುಭಾವರು. ಎಲೆ ಒಯ್ದರೆ, “ಹೂವಿಲ್ಲದೆ ಗುರುತು ಹಿಡಿಯೋಕೆ ನಾನೇನು ಜ್ಯೋತಿಷಿಯೇನ್ರೀ?” ಎಂದರು. ಎರಡು ವರ್ಷ ಕಾದೆ. ಹೂ ಬಿಟ್ಟಿತು, ಒತ್ತಿ ಒಣಗಿಸಿದರೆ ಕಪ್ಪಾಯಿತು.

“ಇದೇನ್ರೀ, ಸೀದ ಹಪ್ಪಳ? ಮರದ ಮೇಲೇ ನೋಡ್ಬೇಕು.”

“ಹಾಗಾದ್ರೆ ಬನ್ನಿ ಸರ್.”

“ಮರದ ಬುಡದ ತನಕ ಕಾರು ಹೋಗುತ್ತೇನ್ರೀ?”

ಸಾಹೇಬರ ಸವಾರಿ

ಅಂತೂ ಭಾನುವಾರ ಬರಲು ಒಪ್ಪಿದರು. ಕೊಂಬೆಗಳ ತುಂಬ ಇನ್ನೂ ಆರ್ಕಿಡ್ ಹೂವಿತ್ತು. ಮೊದಲೇ ಹೋಗಿ ರೈತನಿಗೆ, “ಯಜಮಾನ್ರೇ, ಮೈಸೂರಿಂದ ದೊಡ್ಡ ಸಾಹೇಬ್ರು ನಿಮ್ಮ ಮರ ನೋಡೋಕೆ ಬರ್ತಾರೆ” ಎಂದೆ. ಹೂವಿನ ಸುದ್ದಿ ಎತ್ತಲಿಲ್ಲ. ಎತ್ತಿದರೆ ಯಾರಾದರೂ ಕಿತ್ತಾರು ಎಂಬುದು ನನ್ನ ಘನವಾದ ಬುದ್ಧಿವಂತಿಕೆ!

ಭಾನುವಾರ ಪ್ರೊಫೆಸರ ಕಾರಿನಲ್ಲೇ ಹೋಗಿ ನೋಡಿದರೆ ಮರದ ಬೊಡ್ಡೆಗೆ ಸುಣ್ಣ, ಅದರ ಮೇಲೆ ಕೆಮ್ಮಣ್ಣಿನ ಪಟ್ಟೆ, ಬುಡದಲ್ಲಿ ರಂಗೋಲಿ. ಕೊಂಬೆಗಳ ಮೇಲೆ ಮಾವಿನೆಲೆ ಬಿಟ್ಟು ಬೇರೇನೂ ಇಲ್ಲ.

ಪ್ರೊಫೆಸರು ಕಾರಿನಿಂದ ಇಳಿಯದೆ ಕತ್ತು ಮಾತ್ರ ಹೊರಗೆ ಹಾಕಿ, “ಎಲ್ರೀ ನಿಮ್ಮ ಆರ್ಕಿಡ್ಡು?” ಎಂದರು.

ನಾನು ರೈತನ ಕಡೆ ತಿರುಗಿದೆ. “ಕೊಂಬೆಗಳ ಮೇಲೆ ಒಂಥರಾ ಗಿಡ ಇತ್ತಲ್ಲ?”

“ಆ ಬದನಿಕೆನಾ? ಮರದ ಸಾರಾನೆಲ್ಲ ಈರ್ತದೆ ಸಾ ಅದು. ದೊಡ್ಡೋರು ನೋಡೋ ಮರ ಅಂಗಿರಬೌದಾ? ಎಲ್ಡಾಳು ಅತ್ಸಿ ಕೀಳಿಸ್ದೆ. ದನ ತಿಂದ್ವು.”

ನನಗೆ ಅಳುವುದೋ ಅವನನ್ನು ಹೊಡೆಯುವುದೋ ತಿಳಿಯಲಿಲ್ಲ. ಅವನೋ, ಹೆಮ್ಮೆಯಿಂದ ಕಾರಿನ ಹತ್ತಿರ ಹೋಗಿ ಪ್ರೊಫೆಸರಿಗೆ ಕೈಮುಗಿದ.

“ಒಂದೂ ಉಳ್ಸಿಲ್ಲ ಸಾ! ನಂಬಿಕೆ ಇಲ್ದಿದ್ರೆ ಅತ್ತಿ ನೋಡಿ!”