ಪರದೆಗೆ ಅಂಟಿಸಿದ ಚೀಟಿ

ಗಡಿಯಾರದ ಹೊಟ್ಟೆ ಬಿಚ್ಚಿ, ಸಾಸಿವೆ ಗಾತ್ರದ ಚಕ್ರಗಳನ್ನು ಮಾತಾಡಿಸಿದ ಕೈ ಇದು! ಇದರ ಮುಂದೆ ಕಂಪ್ಯೂಟರ್ ಯಾವ ಲೆಕ್ಕ? ಒಂದೇ ವಾರದಲ್ಲಿ ಅದನ್ನು ಪಳಗಿಸುತ್ತೇನೆಂದು ಹೆಂಡತಿಯ ಮುಂದೆ ಘೋಷಿಸಿಬಿಟ್ಟೆ.

ಅಂಗಡಿಗೆ ರಿಪೇರಿಗೆ ಬಂದ ಪ್ರತಿ ಗಡಿಯಾರಕ್ಕೂ ಚೀಟಿ ಅಂಟಿಸುವುದು ನನ್ನ ಪದ್ಧತಿ. ಹಾಗೆಯೇ ಮಗಳು ಹೇಳಿಕೊಟ್ಟ ಪಾಠವನ್ನು ಉದ್ದನೆಯ ಚೀಟಿಯಲ್ಲಿ ಬರೆದು, ಪರದೆಯ ಕೆಳತುದಿಗೆ ಆ ಕಡೆಯಿಂದ ಈ ಕಡೆಯವರೆಗೆ ಅಂಟಿಸಿದೆ. ನೋಡಲು ಬಹಳ ಅಚ್ಚುಕಟ್ಟಾಗಿತ್ತು.

ಅಂದು ಹೆಂಡತಿಗೆ ಶಾಲೆಯಲ್ಲಿ ಬೀಳ್ಕೊಡುಗೆ. ಮೂವತ್ತು ವರ್ಷ ಪಾಠ ಹೇಳಿದವಳ ಕೊನೆಯ ಭಾಷಣ! ತಾನೇ ಟೈಪ್ ಮಾಡಿ, ನನ್ನನ್ನು ಕೂರಿಸಿಕೊಂಡು ನಾಲ್ಕು ಸಲ ಓದಿ ಹೇಳಿದ್ದಳು. ನಾಲ್ಕು ಸಲವೂ ನಾನು "ಬಹಳ ಚೆನ್ನಾಗಿದೆ" ಎಂದಿದ್ದೆ.

"ರೀ, ಅಕ್ಷರ ಸ್ವಲ್ಪ ದೊಡ್ಡದು ಮಾಡಿ ಪ್ರಿಂಟ್ ತೆಗೀತೀರಾ? ನಾಲ್ಕಕ್ಕೆ ಹೊರಡಬೇಕು" ಎಂದಳು, ಬಟ್ಟೆಗೆ ಇಸ್ತ್ರಿ ಹಾಕುತ್ತಾ.

"ಅದೇನು ಮಹಾ!" ಎಂದು ಕೂತೆ. ಮೇಲಿನ ಮೂಲೆಯಲ್ಲೊಂದು ಪುಟ್ಟ ಗೆರೆ ಕಂಡಿತು. ಒತ್ತಿದೆ. ಭಾಷಣ ಮಾಯ!

ಗುಟ್ಟಾಗಿ ಮಗಳಿಗೆ ಫೋನ್ ಮಾಡಿದೆ.

"ಅಪ್ಪಾ, ಅದೆಲ್ಲೂ ಹೋಗಿಲ್ಲ. ಕೆಳಗಡೆ ಟಾಸ್ಕ್‌ಬಾರ್ ಅನ್ನೋ ಪಟ್ಟಿಯಲ್ಲಿ ಕೂತಿರುತ್ತೆ ನೋಡಿ."

"ಕೆಳಗಡೆ ನನ್ನ ಕೈಬರಹ ಬಿಟ್ರೆ ಏನೂ ಇಲ್ಲಮ್ಮ!"

"ಕಂಪ್ಯೂಟರಲ್ಲಿ ನಿಮ್ಮ ಕೈಬರಹಾನಾ? ಅಯ್ಯೋ, ಮೀಟಿಂಗಿಗೆ ಕರೀತಿದಾರೆ, ಆಮೇಲೆ ಮಾಡ್ತೀನಿ."

ಇನ್ನು ನೆನಪಿನಿಂದಲೇ ಬರೆಯುವುದೆಂದು ನಿರ್ಧರಿಸಿದೆ. ಹೊಸ ಹಾಳೆ ತೆರೆದು "ಎಲ್ಲರಿಗೂ ನಮಸ್ಕಾರ" ಎಂದು ಟೈಪ್ ಮಾಡಿದೆ. ಮುಂದೆ? ತಲೆ ಖಾಲಿ! ಅವಳು ಓದುವಾಗ ನನ್ನ ಮನಸ್ಸು ಯಾರದೋ ಗಡಿಯಾರದ ಸ್ಪ್ರಿಂಗಿನಲ್ಲಿ ಸಿಕ್ಕಿಕೊಂಡಿತ್ತು. ಅಷ್ಟರಲ್ಲಿ ಅವಳ ಹೆಜ್ಜೆ ಸದ್ದು. ಗಾಬರಿಯಲ್ಲಿ ಅದೇ ಗೆರೆ ಒತ್ತಿದೆ, ಅದೂ ಮಾಯ. ಮತ್ತೆ ಹೊಸ ಹಾಳೆ, ಮತ್ತೆ ನಮಸ್ಕಾರ, ಮತ್ತೆ ಹೆಜ್ಜೆ ಸದ್ದು. ಹೀಗೆ ಏಳು ಸಲ!

ಮೂರೂವರೆಗೆ ಶರಣಾದೆ. "ನಿನ್ನ ಭಾಷಣ ಕಳೆದುಹೋಯ್ತು ಕಣೇ."

ಅವಳು ಕುರ್ಚಿಯಲ್ಲಿ ಕುಸಿದಳು. ಆ ಮುಖ ನೋಡಿ ನನಗೆ ನಿಜಕ್ಕೂ ಅಳು ಬಂತು. ಸ್ವಲ್ಪ ಹೊತ್ತಿಗೆ ಅವಳ ಕಣ್ಣು ಪರದೆಯ ಕೆಳಗೆ ಹೋಯಿತು.

"ಇದೇನ್ರೀ ಅಂಟಿಸಿರೋದು?"

ಚೀಟಿ ಕಿತ್ತಳು. ಅಡಿಯಲ್ಲಿ ಟಾಸ್ಕ್‌ಬಾರ್! ಅದರಲ್ಲಿ ಅವಳ ಭಾಷಣ ಆರಾಮಾಗಿ ಕೂತಿತ್ತು. ಪಕ್ಕದಲ್ಲಿ ಸಾಲಾಗಿ ನನ್ನ ಏಳು ಹಾಳೆಗಳು. ಒಂದೊಂದನ್ನೇ ತೆರೆದಳು. ನಮಸ್ಕಾರ, ನಮಸ್ಕಾರ, ನಮಸ್ಕಾರ...

"ನಾಲ್ಕು ಸಲ ಓದಿ ಹೇಳಿದ್ರಲ್ಲಿ ಕೇಳಿಸಿಕೊಂಡಿದ್ದು ಇಷ್ಟೇನಾ?"

ಅವಳು ತನ್ನ ಭಾಷಣ ತೆರೆದು ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. "ನನ್ನ ಪ್ರತಿ ಮಾತನ್ನೂ ಗಮನವಿಟ್ಟು ಕೇಳುವ ನನ್ನ ಯಜಮಾನರಿಗೆ ವಂದನೆಗಳು" ಎಂದಿತ್ತು.

"ಈ ಸಾಲೊಂದನ್ನ ನೀವೇ ಅಳಿಸಿಬಿಡಿ."

ನಾನು ಮೆಲ್ಲಗೆ ಕೇಳಿದೆ, "ಅಳಿಸೋದು ಹೇಗೆ?"

"ಬೆಳಿಗ್ಗೆ ತಾನೇ ಹೇಳಿಕೊಟ್ಟಿದ್ದೆನಲ್ಲ!"