ಭಾನುವಾರಕ್ಕೆಂದು ನೆಟ್ಟ ಹೂದೋಟ

ಗಿಡ ನೆಡುವವರಿಗೆಲ್ಲ ಪ್ರಕೃತಿಪ್ರೇಮ ಇರುತ್ತದೆಂದು ನಂಬಬೇಡಿ. ಕೆಲವರು ಪಕ್ಕದ ಮನೆಯವರ ಹೊಟ್ಟೆ ಉರಿಸಲು ನೆಡುತ್ತಾರೆ. ನಾನು ನೆಟ್ಟಿದ್ದು ನನ್ನ ಹೆಂಡತಿ ತಪ್ಪದೆ ಶನಿವಾರದ ಬಸ್ಸು ಹತ್ತಲಿ ಎಂಬ ಆಸೆಯಿಂದ.

ಸರೋಜಾ ಶಾಲಾ ಶಿಕ್ಷಕಿ. ಈ ವರ್ಷ ಅವಳಿಗೆ ಕೊಣನೂರಿಗೆ ವರ್ಗವಾಯಿತು. ಹಾಸನದ ಖಾಸಗಿ ಕಾಲೇಜೊಂದರ ಗುಮಾಸ್ತನಾದ ನನ್ನನ್ನು ಯಾರೂ ಎಲ್ಲಿಗೂ ವರ್ಗ ಮಾಡುವುದಿಲ್ಲ. ಅವಳು ಅಲ್ಲೇ ರೂಮು ಹಿಡಿದಳು. ಶನಿವಾರ ಸಂಜೆ ಬಂದರೆ ಸೋಮವಾರ ಮೊದಲ ಬಸ್ಸಿಗೆ ಹೊರಡುತ್ತಿದ್ದಳು. ನಡುವೆ ಸಿಗುವ ಭಾನುವಾರವನ್ನು ಅವಳು ಬಟ್ಟೆ ಒಗೆಯುವುದರಲ್ಲಿ, ನಾನು ಅವಳನ್ನು ನೋಡುವುದರಲ್ಲಿ ಕಳೆಯುತ್ತಿದ್ದೆವು. ಮಳೆಗಾಲದಲ್ಲಿ ಒಮ್ಮೆ, "ಚಳಿಗಾಲ ಬಂದ್ರೆ ಆ ಮಂಜಲ್ಲಿ ವಾರವಾರ ಓಡಾಡೋದು ಕಷ್ಟ ಕಣ್ರೀ" ಅಂದಳು. ಆ ವಾರವೇ ನಾನು ಅಂಗಳ ಅಗೆಯತೊಡಗಿದೆ.

ಮಂಜಿನಲ್ಲೂ ಕಾಣುವಂತೆ ಗೇಟಿನ ಬಳಿ ಹಳದಿ ಚೆಂಡು ಹೂ, ಹಿಂದೆ ಬಿಳಿ ಸೇವಂತಿಗೆ, ಗೋಡೆಯುದ್ದಕ್ಕೂ ನೇರಳೆ ಬಣ್ಣದ ಡಿಸೆಂಬರ್ ಹೂ, ಮೆಟ್ಟಿಲ ಪಕ್ಕದ ಕುಂಡಗಳಲ್ಲಿ ಕೆಂಪು ಡೇರೆ ಹೂ. ನನ್ನ ಸೊಂಟ ಹಿಡಿದುಕೊಂಡಿತು; ಗಿಡಗಳೂ ಚೆನ್ನಾಗಿಯೇ ಹಿಡಿದುಕೊಂಡವು. ಆದರೆ ಹೂವಿಗೆ ವಾರದ ಲೆಕ್ಕ ತಿಳಿಯದು. ಬುಧವಾರವೇ ಅರಳಿ ನಿಂತ ಡೇರೆಯ ಮುಂದೆ ಕಾಫಿ ಲೋಟ ಹಿಡಿದು ಕೂತು, ಇಷ್ಟು ಬೇಗ ಏನವಸರವಿತ್ತು ಎಂದು ಅದನ್ನು ಬೈದದ್ದೂ ಉಂಟು. ಸಾಲದ್ದಕ್ಕೆ ಪಕ್ಕದ ಮನೆ ಜಯಮ್ಮ ಬುಟ್ಟಿ ಹಿಡಿದು ಬರುತ್ತಿದ್ದರು.

"ಪೂಜೆಗೆ ಎಲ್ಡು ಹೂವ ಕಿತ್ಕತೀನಿ ಸಾ."

"ಶನಿವಾರದ ತನಕ ಕೀಳಬೇಡಿ, ಜಯಮ್ಮ."

"ನಿಮ್ ಮೇಡಂ ಬರೋ ವಾರ್ವೇ ನಮ್ ದೇವ್ರ ವಾರ ಕಣ ಸಾ."

ದೇವರಿಗೂ ಹೆಂಡತಿಗೂ ಪೈಪೋಟಿ ಬಿದ್ದಾಗ ನಾನು ದೇವರನ್ನು ಎದುರು ಹಾಕಿಕೊಂಡೆ.

ಡಿಸೆಂಬರಿನ ಒಂದು ಭಾನುವಾರ ಎಲ್ಲವೂ ಒಟ್ಟಿಗೆ ಅರಳಿದವು. ಸರೋಜಾ ಶಾಲು ಹೊದ್ದು ಮೆಟ್ಟಿಲ ಮೇಲೆ ಕೂತವಳು ಮಧ್ಯಾಹ್ನದವರೆಗೂ ಏಳಲಿಲ್ಲ. ನೆನೆಹಾಕಿದ ಬಟ್ಟೆ ಬಕೆಟ್ಟಿನಲ್ಲೇ ಇತ್ತು. ನಾನು ಗೆದ್ದೆ ಅಂದುಕೊಂಡೆ. ಸಂಜೆ ನೋಡಿದರೆ ಅವಳು ಗಿಡದ ಬುಡ ಬಿಡಿಸುತ್ತಿದ್ದಾಳೆ.

"ಒಂದಷ್ಟು ಕೊಣನೂರಿಗೆ ತಗೊಂಡೋಗ್ಲಾ? ರೂಮಿನ ಮುಂದೆ ಬರೀ ಸಿಮೆಂಟು. ಬೆಳಗ್ಗೆ ಒಬ್ಳೇ ಕಾಫಿ ಕುಡಿಯೋವಾಗ ನೋಡೋಕೆ ಏನೂ ಇಲ್ಲ ಕಣ್ರೀ."

ಅವಳ ಬುಧವಾರ ಹೇಗಿರುತ್ತದೆಂದು ನಾನು ಕೇಳಿರಲೇ ಇಲ್ಲ. ಬೇರಿಗೆ ಮಣ್ಣು ಕಟ್ಟಿ, ಡೇರೆ ಕುಂಡಗಳ ಸಮೇತ ಸೋಮವಾರ ನಾನೇ ಬಸ್ಸಿಗೆ ಏರಿಸಿ ಬಂದೆ. ಅಂಗಳದಲ್ಲಿ ಗುಂಡಿಗಳು ಉಳಿದವು.

ಮುಂದಿನ ಶನಿವಾರ ಫೋನು ಬಂತು. "ಗಿಡ ಎಲ್ಲಾ ಕುಂಡದಲ್ಲಿ ಇನ್ನೂ ಬೇರೂರ್ತಾ ಇವೆ, ಬಿಟ್ಟು ಬರೋ ಹಾಗಿಲ್ಲ. ನೀವೇ ಬನ್ನಿ."

ಕೊಣನೂರಿನ ಬಸ್ಸಿನಲ್ಲಿ, ಕಾಲ ಬಳಿಯ ಗೊಬ್ಬರದ ಚೀಲ ನೋಡಿ ಪಕ್ಕದವನು ಕೇಳಿದ, "ಅಲ್ಲಿ ತ್ವಾಟ ಮಡಗಿದ್ದೀರಾ ಸಾ?"

"ತೋಟ ನಮ್ಮ ಮನೆಯವಳದು ಕಣಪ್ಪ" ಅಂದೆ. "ನಾನು ನೀರು ಹಾಕೋ ಆಳು."